ಯಾವುದು ಮೊದಲು, ಯಾವುದು ನಂತರ? ಯಂತ್ರಗೆಲಸದ ಅನುಕ್ರಮವೇ ಸಣ್ಣ ಉದ್ದಿಮೆಯ ಬಂಡವಾಳ

ಶಿರಸಿ ತಾಲೂಕಿನ ಎಕ್ಕಂಬಿ ಸುತ್ತಮುತ್ತಲ ಅಡಿಕೆ ಬೆಳೆಗಾರರಿಗೆ ಅನುಕ್ರಮದ ಮಹತ್ವವನ್ನು ಯಾರೂ ಕಲಿಸಬೇಕಾಗಿಲ್ಲ. ಹಸಿ ಅಡಿಕೆಯನ್ನು ಮೊದಲು ಸುಲಿದು, ಬಳಿಕ ಚೊಗರಿನಲ್ಲಿ ಬೇಯಿಸಿ, ಕೊನೆಗೆ ಒಣಗಿಸಿದರೆ ಕೆಂಪಡಿಕೆ. ಹಣ್ಣಾದ ಅಡಿಕೆಯನ್ನು ಮೊದಲು ನಲವತ್ತು ದಿನಗಳಿಗೂ ಮಿಗಿಲಾಗಿ ಅಂಗಳದಲ್ಲಿ ಒಣಗಿಸಿ, ಬಳಿಕ ಸುಲಿದರೆ ಚಾಲಿ. ಸುಲಿಯುವುದು, ಒಣಗಿಸುವುದು ಎರಡರಲ್ಲೂ ಇವೆ. ಆದರೆ ಕ್ರಮ ಬೇರೆ. ಕ್ರಮ ಬೇರೆಯಾದುದರಿಂದ ಸರಕು ಬೇರೆ, ಶಿರಸಿ ಮಾರುಕಟ್ಟೆಯಲ್ಲಿ ಅದರ ಧಾರಣೆಯೂ ಬೇರೆ.

ಎಕ್ಕಂಬಿಯ ಮಾರ್ಗವಾಗಿ ಹುಬ್ಬಳ್ಳಿಗೆ ಸಾಗಿ, ಅಲ್ಲಿನ ಕೈಗಾರಿಕಾ ವಸಾಹತುಗಳ ಯಂತ್ರಾಗಾರಗಳನ್ನು ಹೊಕ್ಕರೆ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಎರಕದ ಒಂದು ಬಿಡಿಭಾಗಕ್ಕೆ ಮೊದಲು ರಂಧ್ರ ಕೊರೆಯಬೇಕೇ, ಮುಖ ಸಮತಟ್ಟು ಮಾಡಬೇಕೇ? ಅಂತಿಮ ಬೋರಿಂಗ್ ಯಾವಾಗ? ಹಿಂದೆ ಈ ನಿರ್ಧಾರ ಹಿರಿಯ ಟರ್ನರ್ ಅಥವಾ ಫಿಟ್ಟರ್‌ನದಾಗಿತ್ತು. ಇಂದು ಕ್ಯಾಮ್ ಎಂದು ಕರೆಯಲಾಗುವ ಗಣಕ ಆಧಾರಿತ ಉತ್ಪಾದನಾ ತಂತ್ರಾಂಶವು ಆ ನಿರ್ಧಾರವನ್ನು ತಾನೇ ಕೈಗೊಳ್ಳಲು ಮುಂದಾಗಿದೆ. ಅದು ನೀಡುವ ಕ್ರಮವನ್ನು ಹಾಗೆಯೇ ಒಪ್ಪಿಕೊಳ್ಳುವುದು ಲಾಭದಾಯಕವೇ ಎಂಬುದನ್ನು ಸಣ್ಣ ಉದ್ಯಮಿಗಳು ಗಂಭೀರವಾಗಿ ಪರಿಶೀಲಿಸಬೇಕಾಗಿದೆ.

ಬೆಳೆದು ಬಂದ ಬಗೆ

ಅಂಕೆಗಳ ಆದೇಶದಂತೆ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು 1952ರಲ್ಲಿ ಪ್ರದರ್ಶಿಸಿತು. ಅದೇ ದಶಕದ ಕೊನೆಯಲ್ಲಿ ಅಲ್ಲಿಯೇ ಎಪಿಟಿ ಎಂಬ ಗಣಕಭಾಷೆ ರೂಪುಗೊಂಡಿತು. ಕರ್ನಾಟಕದಲ್ಲಿ ಈ ವಿದ್ಯೆಗೆ ನೆಲೆ ಒದಗಿಸಿದ್ದು 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ ಹಾಗೂ 1962ರಲ್ಲಿ ಆರಂಭವಾದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ. 1972ರಲ್ಲಿ ಡೆನ್ಮಾರ್ಕ್‌ನ ನೆರವಿನೊಂದಿಗೆ ಬೆಂಗಳೂರಿನಲ್ಲಿ ಪ್ರಾರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಮುಂದೆ ಹುಬ್ಬಳ್ಳಿ, ಬೆಳಗಾವಿ ಮೊದಲಾದೆಡೆ ಶಾಖೆಗಳನ್ನು ತೆರೆಯಿತು.

ಆರಂಭದ ವರ್ಷಗಳಲ್ಲಿ ಪ್ರತಿಯೊಂದು ಚಲನೆಯನ್ನೂ ಪ್ರೋಗ್ರಾಮರ್ ತಾನೇ ಬರೆಯಬೇಕಿತ್ತು. ಹಾಗಾಗಿ ಕ್ರಮವೂ ಅವನದೇ ಆಗಿರುತ್ತಿತ್ತು. ನಂತರ ಬಂದ ತಂತ್ರಾಂಶಗಳು ಮೂರು ಆಯಾಮದ ನಕ್ಷೆಯಲ್ಲಿನ ರಂಧ್ರ, ಗುಳಿ, ಮೆಟ್ಟಿಲುಗಳನ್ನು ತಾವೇ ಗುರುತಿಸಿ, ಪ್ರತಿಯೊಂದಕ್ಕೂ ತಕ್ಕ ಕಾರ್ಯಾಚರಣೆಗಳನ್ನು ತಮ್ಮ ದತ್ತಕೋಶದಿಂದ ಆಯ್ದು ಪಟ್ಟಿ ಮಾಡುತ್ತವೆ. ಈ ದತ್ತಕೋಶ ಎಲ್ಲೋ ಸಿದ್ಧವಾದುದು. ಹುಬ್ಬಳ್ಳಿಯ ಯಂತ್ರದ ವಯಸ್ಸಾಗಲಿ, ಅಲ್ಲಿನ ಟೂಲ್‌ಗಳ ಸ್ಥಿತಿಯಾಗಲಿ ಅದಕ್ಕೆ ತಿಳಿದಿರುವುದಿಲ್ಲ.

ಒಂದು ಲೆಕ್ಕಾಚಾರ

ಉದಾಹರಣೆಗೆ, ತಿರುಗುಮೇಜಿನ ಮೇಲೆ ಕೂರಿಸಿದ ಒಂದು ಬಿಡಿಭಾಗದ ನಾಲ್ಕು ಮುಖಗಳಲ್ಲಿ ಎಂಟು ಮಿಲಿಮೀಟರ್ ಬೋಲ್ಟಿನ ಮರೆಯುಳ್ಳ ರಂಧ್ರಗಳು ಬೇಕಾಗಿವೆ ಎಂದಿಟ್ಟುಕೊಳ್ಳಬಹುದು. ಇದಕ್ಕೆ ಮೂರು ಟೂಲ್‌ಗಳು ಬೇಕು: ಗುರುತು ಮಾಡುವ ಸೆಂಟರ್ ಡ್ರಿಲ್, 6.8 ಮಿ.ಮೀ. ಡ್ರಿಲ್ ಮತ್ತು ಟ್ಯಾಪ್. ಒಂದೊಂದೇ ಮುಖವನ್ನು ಪೂರ್ಣಗೊಳಿಸುತ್ತ ಹೋದರೆ 12 ಬಾರಿ ಟೂಲ್ ಬದಲಾವಣೆ, 4 ಬಾರಿ ಮೇಜಿನ ತಿರುಗುವಿಕೆ. ಒಂದು ಟೂಲ್‌ನಿಂದ ನಾಲ್ಕೂ ಮುಖಗಳ ಕೆಲಸ ಮುಗಿಸಿ ಮುಂದಿನ ಟೂಲ್‌ಗೆ ಹೋದರೆ 3 ಬದಲಾವಣೆ, 12 ತಿರುಗುವಿಕೆ.

ಟೂಲ್ ಬದಲಾವಣೆಗೆ 8 ಸೆಕೆಂಡ್, ಮೇಜು ತಿರುಗಲು 3 ಸೆಕೆಂಡ್ ಹಿಡಿಯುವ ಯಂತ್ರದಲ್ಲಿ ಮೊದಲ ಕ್ರಮಕ್ಕೆ 108 ಸೆಕೆಂಡ್, ಎರಡನೆಯದಕ್ಕೆ 60 ಸೆಕೆಂಡ್ ವ್ಯಯವಾಗುತ್ತದೆ. ಉಳಿತಾಯ 48 ಸೆಕೆಂಡ್. 500 ಬಿಡಿಭಾಗಗಳ ಬೇಡಿಕೆಯಲ್ಲಿ ಇದು 6 ಗಂಟೆ 40 ನಿಮಿಷ. ಅಂದರೆ ಹೆಚ್ಚುಕಡಿಮೆ ಒಂದು ಪಾಳಿ. ಆದರೆ ಮೇಜು ತಿರುಗಲು 10 ಸೆಕೆಂಡ್ ತೆಗೆದುಕೊಳ್ಳುವ ಹಳೆಯ ಯಂತ್ರದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ: ಮೊದಲ ಕ್ರಮಕ್ಕೆ 136 ಸೆಕೆಂಡ್, ಎರಡನೆಯದಕ್ಕೆ 144 ಸೆಕೆಂಡ್. ತಂತ್ರಾಂಶ ಒಂದೇ, ನಕ್ಷೆ ಒಂದೇ; ಲಾಭದ ಕ್ರಮ ಮಾತ್ರ ಯಂತ್ರದಿಂದ ಯಂತ್ರಕ್ಕೆ ಬೇರೆ. ಗಡಿಯಾರ ಹಿಡಿದು ತನ್ನ ಯಂತ್ರವನ್ನು ತಾನೇ ಅಳೆದ ಉದ್ಯಮಿಗೆ ಮಾತ್ರ ಇದು ಗೋಚರಿಸುತ್ತದೆ.

ಸಮಯವೊಂದೇ ಮಾನದಂಡವಲ್ಲ

ಟೂಲ್ ಬದಲಾವಣೆ ಕಡಿಮೆಯಾದಷ್ಟೂ ಒಳಿತು ಎಂದು ಭಾವಿಸುವುದೂ ಅಪಾಯಕರ. ಅಡಿಕೆ ಸುಲಿಯುವ ಯಂತ್ರದ ಬೇರಿಂಗ್ ಗೂಡನ್ನೇ ಗಮನಿಸಬಹುದು. 6206 ಸಂಖ್ಯೆಯ ಬೇರಿಂಗ್‌ನ ಹೊರವ್ಯಾಸ 62 ಮಿ.ಮೀ. ಅದು ಕೂರುವ ಗೂಡಿಗೆ ಎಚ್7 ದರ್ಜೆಯ ನಿಖರತೆ ವಿಧಿಸಿದರೆ ವ್ಯಾಸವು 62 ಮಿ.ಮೀ.ಗಿಂತ ಕಡಿಮೆ ಇರಕೂಡದು, 62.03 ಮಿ.ಮೀ.ಯನ್ನು ಮೀರಕೂಡದು. ಒರಟು ಬೋರಿಂಗ್‌ನ ಬೆನ್ನಿಗೇ ಅಂತಿಮ ಬೋರಿಂಗ್ ಮುಗಿಸಿ, ಆಮೇಲೆ ಪಕ್ಕದಲ್ಲಿ ಬೋಲ್ಟ್ ರಂಧ್ರಗಳನ್ನು ಕೊರೆದರೆ, ತೆಳುಗೋಡೆ ಅದುರಿ ಬಾಗುವ ಹಾಗೂ ಅಂಚಿನ ಮುಳ್ಳು ಒಳಮೈಗೆ ಚಾಚುವ ಸಂಭವವುಂಟು. ಕಾದ ಲೋಹದ ಅಳತೆ ತಣಿದ ಮೇಲೆ ಉಳಿಯುವುದಿಲ್ಲ. ಬಿಗಿಹಿಡಿಕೆ ಸಡಿಲಿಸಿದಾಗ ಎರಕದೊಳಗಿನ ಬಿಗುಪೂ ಸ್ಥಾನ ಬದಲಿಸುತ್ತದೆ. ಆದ್ದರಿಂದಲೇ ಒರಟು ಕೆಲಸವೆಲ್ಲ ಮೊದಲು, ಕೊರೆತ ಮತ್ತು ಮರೆ ನಂತರ, ನಿಖರ ಬೋರಿಂಗ್ ಕಟ್ಟಕಡೆಗೆ ಎಂಬುದು ಅನುಭವಿಗಳ ನಿಯಮ. ಶಾಫ್ಟಿನ ಎರಡೂ ಬೇರಿಂಗ್‌ಗಳು ಒಂದೇ ಅಕ್ಷದಲ್ಲಿರಬೇಕಾದಲ್ಲಿ, ಸಾಧ್ಯವಿದ್ದಷ್ಟೂ ಆ ಎರಡು ಬೋರ್‌ಗಳನ್ನು ಒಂದೇ ಹಿಡಿಕೆಯಲ್ಲಿ ಮುಗಿಸಬೇಕು.

ಈ ನಿಯಮ ಮುರಿದುದರ ಬೆಲೆಯನ್ನು ತೆರುವವನು ಯಂತ್ರಾಗಾರದ ಮಾಲೀಕನಷ್ಟೇ ಅಲ್ಲ. ಕೊಯಿಲಿನ ಹಂಗಾಮಿನಲ್ಲಿ ಕೊಯ್ದ ಹಸಿ ಅಡಿಕೆಯನ್ನು ಹೆಚ್ಚು ದಿನ ರಾಶಿ ಹಾಕಿ ಇರಿಸುವಂತಿಲ್ಲ. ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವ ಕೈಗಳು ವಿರಳವಾಗಿರುವ ಈ ಕಾಲದಲ್ಲಿ, ಬೇರಿಂಗ್ ಗೂಡು ಸಡಿಲವಾಗಿ ಯಂತ್ರ ನಿಂತರೆ ಎಕ್ಕಂಬಿಯಂಥ ಊರಿನ ಬೆಳೆಗಾರನ ವರ್ಷದ ದುಡಿಮೆಗೇ ಧಕ್ಕೆ.

ತಂತ್ರಾಂಶವನ್ನು ತನ್ನದಾಗಿಸಿಕೊಳ್ಳುವ ಬಗೆ

ಬಹುಪಾಲು ಕ್ಯಾಮ್ ತಂತ್ರಾಂಶಗಳಲ್ಲಿ ಕ್ರಮವನ್ನು ಬದಲಿಸಲು ಅವಕಾಶವಿದೆ. ಮೊದಲನೆಯದಾಗಿ, ಪದೇ ಪದೇ ಬರುವ ಕೆಲಸಗಳಿಗೆ ಮಾದರಿ ಸಿದ್ಧಪಡಿಸುವುದು. ಮರೆಯುಳ್ಳ ರಂಧ್ರವೆಂದರೆ ಗುರುತು, ಕೊರೆತ, ಅಂಚು ಮುರಿತ, ಟ್ಯಾಪಿಂಗ್ ಎಂದು ಒಮ್ಮೆ ದಾಖಲಿಸಿದರೆ ಪ್ರತಿ ಬಾರಿ ಹೊಸದಾಗಿ ಯೋಚಿಸಬೇಕಾಗಿಲ್ಲ. ಎರಡನೆಯದಾಗಿ, ವೇಗವನ್ನು ತನ್ನ ಟೂಲ್‌ಗೆ ಹೊಂದಿಸುವುದು. 6.8 ಮಿ.ಮೀ. ಡ್ರಿಲ್ ನಿಮಿಷಕ್ಕೆ 25 ಮೀಟರ್ ವೇಗದಲ್ಲಿ ಕತ್ತರಿಸಬೇಕಾದರೆ ಸುಮಾರು 1170 ಸುತ್ತುಗಳು ಬೇಕು. ಸವೆದ ಸ್ಪಿಂಡಲ್‌ಗೆ ಇದನ್ನು ಇಳಿಸಬೇಕಾದೀತು. ಮೂರನೆಯದಾಗಿ, ವಿಂಗಡಣೆಯ ನಿಯಮ: ಮೊದಲು ಹಿಡಿಕೆಯಂತೆ, ಅದರೊಳಗೆ ಒರಟು ಮತ್ತು ನಿಖರ ಎಂಬ ಹಂತದಂತೆ, ಹಂತದೊಳಗೆ ಟೂಲ್‌ನಂತೆ. ಈ ಮೂರು ಮೆಟ್ಟಿಲುಗಳನ್ನು ಪಾಲಿಸಿದರೆ ಸಮಯವೂ ಉಳಿಯುತ್ತದೆ, ನಿಖರತೆಗೂ ಭಂಗ ಬಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕ್ರಮ ಬದಲಿಸಿದ ಕೂಡಲೇ ಪ್ರೋಗ್ರಾಮ್ ಅನ್ನು ಯಂತ್ರಕ್ಕೆ ಕಳುಹಿಸಕೂಡದು. ಹಿಂದಿನ ಟೂಲ್ ಬಿಟ್ಟ ಲೋಹವನ್ನಷ್ಟೇ ತೆಗೆಯುವಂತೆ ಲೆಕ್ಕಹಾಕಿದ ಕಾರ್ಯಾಚರಣೆಯನ್ನು ಮುಂದಕ್ಕೆ ತಂದರೆ, ಸಣ್ಣ ಟೂಲ್ ಇಡೀ ದಪ್ಪವನ್ನು ಕತ್ತರಿಸಹೋಗಿ ಮುರಿಯುತ್ತದೆ. ಇನ್ನೂ ಕತ್ತರಿಸದ ಉಬ್ಬಿಗೆ ವೇಗವಾಗಿ ಚಲಿಸುವ ಟೂಲ್ ಡಿಕ್ಕಿ ಹೊಡೆಯಲೂಬಹುದು. ಪ್ರತಿ ಬದಲಾವಣೆಯ ಬಳಿಕ ಮರುಲೆಕ್ಕ, ಪರದೆಯ ಮೇಲೆ ಅನುಕರಣ, ಯಂತ್ರದಲ್ಲಿ ಮೊದಲ ಬಿಡಿಭಾಗವನ್ನು ಒಂದೊಂದೇ ಹೆಜ್ಜೆಯಾಗಿ ಓಡಿಸುವಿಕೆ, ಈ ಮೂರೂ ತಪ್ಪಕೂಡದು.

ಅನುಭವದ ದಾಖಲೆ

ಹಿರಿಯ ಕುಶಲಕರ್ಮಿ ನಿವೃತ್ತನಾದಾಗ ಅಥವಾ ತರಬೇತಿ ಪಡೆದ ಯುವಕ ಹೆಚ್ಚಿನ ಸಂಬಳಕ್ಕೆ ಬೆಂಗಳೂರು, ಪುಣೆಗಳತ್ತ ಹೊರಟಾಗ, ಕ್ರಮದ ಜ್ಞಾನವೂ ಅವರೊಡನೆ ಹೊರಟುಹೋಗುತ್ತದೆ. ಸಣ್ಣ ಉದ್ದಿಮೆಗಳು ಅನುಭವಿಸುವ ನಿಜವಾದ ನಷ್ಟ ಇದೇ. ಆ ಜ್ಞಾನವನ್ನು ತಂತ್ರಾಂಶದ ಮಾದರಿಗಳಾಗಿ ಉಳಿಸಿ, ಯಾವ ಕೆಲಸ ಏಕೆ ಮೊದಲು ಎಂಬ ಕಾರಣವನ್ನು ಕನ್ನಡದಲ್ಲಿಯೇ ಒಂದೆರಡು ಸಾಲುಗಳಲ್ಲಿ ಸೆಟಪ್ ಹಾಳೆಯ ಮೇಲೆ ಬರೆದಿಟ್ಟರೆ ಅದು ಸಂಸ್ಥೆಯ ಆಸ್ತಿಯಾಗುತ್ತದೆ. ಇದಕ್ಕೆ ಹೊಸ ಯಂತ್ರ ಬೇಕಾಗಿಲ್ಲ, ಸಾಲವೂ ಬೇಕಾಗಿಲ್ಲ. ಪ್ರೋಗ್ರಾಮರ್ ಮತ್ತು ಹಿರಿಯ ಯಂತ್ರಕರ್ಮಿ ವಾರಕ್ಕೊಂದು ಗಂಟೆ ಒಟ್ಟಿಗೆ ಕುಳಿತರೆ ಸಾಕು.

ಯಾವ ಅಡಿಕೆಯನ್ನು ಸುಲಿದು ಒಣಗಿಸಬೇಕು, ಯಾವುದನ್ನು ಒಣಗಿಸಿ ಸುಲಿಯಬೇಕು ಎಂಬ ಅರಿವು ಮಲೆನಾಡಿನ ಮನೆಗಳಲ್ಲಿ ತಲೆಮಾರುಗಳಿಂದ ಕೈಯಿಂದ ಕೈಗೆ ಸಾಗಿ ಬಂದಿದೆ. ಆ ಅಡಿಕೆಯನ್ನು ಸುಲಿಯುವ ಯಂತ್ರದ ಬಿಡಿಭಾಗಗಳ ಕ್ರಮಜ್ಞಾನವೂ ಹಾಗೆಯೇ ಕೈಯಿಂದ ಕೈಗೆ ಸಾಗಬೇಕಾದರೆ, ಅದನ್ನು ಇಂದೇ ದಾಖಲಿಸುವ ಹೊಣೆ ನಮ್ಮ ಉದ್ಯಮಿಗಳ ಮೇಲಿದೆ.