ಚಲಿಸುವ ಗುರಿಯ ಲೆಕ್ಕ

ಜೋಳದ ಹೊಲದ ಅಟ್ಟದ ಮೇಲೆ ನಿಂತು ಹಕ್ಕಿಗಳತ್ತ ಕವಣೆ ಬೀಸುವ ಹುಡುಗನನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಹಾರುವ ಹಕ್ಕಿಗೆ ಕಲ್ಲು ತಾಗಬೇಕಾದರೆ, ಅದು ಈಗ ಇರುವಲ್ಲಿಗಲ್ಲ, ಇನ್ನು ಕ್ಷಣದಲ್ಲಿ ಬರುವಲ್ಲಿಗೆ ಎಸೆಯಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ವಿಮಾನವಿರೋಧಿ ದಳಗಳ ಎದುರಿಗಿದ್ದ ಸಮಸ್ಯೆಯೂ ಇದೇ.

‘ಫ್ಲಾಕ್’ ಎಂದು ಹೆಸರಾದ ಈ ದಳಗಳ ಮುಖ್ಯ ಆಯುಧ 88 ಮಿಲಿಮೀಟರ್ ಬಾಯಿಯ ತೋಪು. ಸುಮಾರು 9 ಕಿಲೋಗ್ರಾಂ ತೂಕದ ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಿಂದ ಹೊರಡುತ್ತಿತ್ತು. ಗುರುತ್ವವೂ ಗಾಳಿಯ ತಡೆಯೂ ಆ ವೇಗವನ್ನು ಕುಗ್ಗಿಸುವುದರಿಂದ ಸರಾಸರಿ 500 ಮೀಟರ್ ಎಂದು ಹಿಡಿಯೋಣ. ಆಗ 6,000 ಮೀಟರ್ ಎತ್ತರ ಮುಟ್ಟಲು 12 ಸೆಕೆಂಡು ಬೇಕು. ಅಷ್ಟರಲ್ಲಿ, ಸೆಕೆಂಡಿಗೆ 100 ಮೀಟರ್ ಹಾರುವ ವಿಮಾನವು 1,200 ಮೀಟರ್ ಮುಂದೆ ಸಾಗಿರುತ್ತದೆ! ಆದ್ದರಿಂದ ಬರಿದಾದ ಆಕಾಶಕ್ಕೇ ಗುರಿಯಿಡಬೇಕು. ಈ ಲೆಕ್ಕವನ್ನು ಹಲ್ಲುಗಾಲಿಗಳ ಗಣಕಯಂತ್ರವೊಂದು ಮಾಡುತ್ತಿತ್ತು. ವಿಮಾನವು ನಡುವೆ ದಿಕ್ಕು ಬದಲಿಸಿತೆಂದರೆ ಲೆಕ್ಕವೆಲ್ಲ ವ್ಯರ್ಥ.

ರಾತ್ರಿಯಲ್ಲಿ ವಿಮಾನದ ದೂರ ಮತ್ತು ದಿಕ್ಕುಗಳನ್ನು ತಿಳಿಸುತ್ತಿದ್ದುದು ‘ವುರ್ಟ್ಸ್‌ಬುರ್ಗ್’ ರೇಡಾರ್. ಅದರ ಅಲೆಯ ಉದ್ದ ಸುಮಾರು 53 ಸೆಂಟಿಮೀಟರ್. ತಂಬೂರಿಯ ತಂತಿ ತನ್ನ ಶ್ರುತಿಯ ನಾದಕ್ಕೆ ತಾನೇ ಮಿಡಿಯುವಂತೆ, ಅಲೆಯ ಅರ್ಧದಷ್ಟು ಉದ್ದದ ಲೋಹದ ಪಟ್ಟಿಯು ಆ ಅಲೆಗೆ ಬಲವಾಗಿ ಸ್ಪಂದಿಸಿ ಅದನ್ನು ಹಿಂದಿರುಗಿಸುತ್ತದೆ. 1943ರ ಜುಲೈ 24ರ ರಾತ್ರಿ ಹ್ಯಾಂಬರ್ಗ್ ನಗರದ ಮೇಲೆ ಬಂದ ಬ್ರಿಟಿಷ್ ವಿಮಾನಗಳು ಸುಮಾರು 27 ಸೆಂಟಿಮೀಟರ್ ಉದ್ದದ ಇಂತಹ ಪಟ್ಟಿಗಳನ್ನು ಕಂತೆಗಟ್ಟಲೆ ಸುರಿದವು. ರೇಡಾರಿನ ತೆರೆಯ ಮೇಲೆ ನಿಜವಾದ ವಿಮಾನ ಯಾವುದೆಂದು ತಿಳಿಯದಾಯಿತು. ಹೊರಟಿದ್ದ 791 ವಿಮಾನಗಳಲ್ಲಿ ನಷ್ಟವಾದುವು 12 ಮಾತ್ರ. ಆ ವಾರದ ದಾಳಿಗಳಲ್ಲಿ 30,000ಕ್ಕೂ ಹೆಚ್ಚು ನಾಗರಿಕರು ಮಡಿದರು.

ಇನ್ನೊಂದು ಸಂಗತಿಯನ್ನು ಹೇಳದಿರಲಾಗದು. ದೊಡ್ಡವರು ರಣರಂಗಕ್ಕೆ ಬೇಕಾದುದರಿಂದ, ಹಿಟ್ಲರನ ಸರಕಾರವು 1943ರ ಫೆಬ್ರವರಿಯಿಂದ ಪ್ರೌಢಶಾಲೆಯ ಹುಡುಗರನ್ನು ಈ ದಳಗಳಿಗೆ ಸೇರಿಸಿತು. ಹದಿನೈದು, ಹದಿನಾರರ ಹರೆಯದವರು ರಾತ್ರಿ ತೋಪಿನ ಬಳಿ, ಗಣಕಯಂತ್ರದ ಬಳಿ ನಿಲ್ಲುತ್ತಿದ್ದರು. ಹಗಲಿನಲ್ಲಿ ಉಪಾಧ್ಯಾಯರು ಅಲ್ಲಿಗೇ ಬಂದು ಪಾಠ ಹೇಳುತ್ತಿದ್ದರು. ಅವರಲ್ಲಿ ಅನೇಕರು ಮನೆಗೆ ಮರಳಲಿಲ್ಲ.

ಅರ್ಧ ಅಲೆಯ ಈ ನಿಯಮವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ವಿವರಿಸುತ್ತೇನೆ. ಅದೇ ನಿಯಮದಿಂದ ಆಂಟೆನಾದ ಉದ್ದವನ್ನೂ ಲೆಕ್ಕ ಹಾಕುತ್ತಾರೆ. ಎದುರಿಗೆ ಕುಳಿತು ಕೇಳುವವರ ವಯಸ್ಸೂ ಹದಿನಾರೇ. ನಿಯಮವು ಯಾರ ಪಕ್ಷವನ್ನೂ ವಹಿಸದು. ಅದನ್ನು ಯಾವುದಕ್ಕೆ ಬಳಸಬೇಕೆಂಬ ಹೊಣೆ ನಮ್ಮದು.