ಬುದ್ಧಿಹಲ್ಲು: ಕೀಳಿಸಬೇಕೇ, ಬಿಡಬೇಕೇ?

ಬಾಯಿಯ ಉಳಿದ ಹಲ್ಲುಗಳೆಲ್ಲ ಬಂದು ಮುಗಿದ ಮೇಲೆ, ಸುಮಾರು 17ರಿಂದ 25ರ ಪ್ರಾಯದಲ್ಲಿ, ದವಡೆಯ ತೀರ ಹಿಂದೆ ತಲೆಯೆತ್ತುವ ನಾಲ್ಕು ಹಲ್ಲುಗಳಿಗೆ ನಾವು ಬುದ್ಧಿಹಲ್ಲು ಎನ್ನುತ್ತೇವೆ. ಮರಾಠಿಯವರು ಅಕ್ಕಲದಾಢ ಎನ್ನುತ್ತಾರೆ. ಬುದ್ಧಿ ಬಲಿಯುವ ಕಾಲಕ್ಕೆ ಬರುವುದರಿಂದ ಈ ಹೆಸರು. ಆದರೆ ಮನೆಮಂದಿಯ ಬುದ್ಧಿಯನ್ನೆಲ್ಲ ಪರೀಕ್ಷೆಗೆ ಒಡ್ಡುವುದೂ ಇದೇ ಹಲ್ಲು.

ಸಾಂಗಲಿಯ ಬಳಿಯ ಸಮಡೋಳಿಯಲ್ಲಿ, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುವ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಕಾಲೇಜಿಗೆ ಹೋಗುವ ಮಗಳ ದವಡೆ ಬಾತಿದೆ. ಲವಂಗ ಕಚ್ಚಿಕೋ ಎಂದು ಅಜ್ಜಿ ಹೇಳುತ್ತಾರೆ. ಸಾಂಗಲಿಗೆ ಹೋಗಿ ನಾಲ್ಕನ್ನೂ ಕೀಳಿಸಿಬಿಡೋಣ ಎಂದು ತಂದೆಯ ಆತುರ. ಹಲ್ಲು ಕಿತ್ತರೆ ಕಣ್ಣು ಮಂಜಾದೀತು ಎಂದು ಕಾಕಾನ ಅಂಜಿಕೆ. ನಮ್ಮ ಕುಂಬಳೆ, ಬದಿಯಡ್ಕ, ಮಂಜೇಶ್ವರಗಳ ಮನೆಗಳಲ್ಲಿಯೂ ಇವೇ ಮಾತುಗಳು. ಇವುಗಳಲ್ಲಿ ಯಾವುದು ಸರಿ?

ಕಾಕಾನ ಅಂಜಿಕೆಗೆ ಆಧಾರವಿಲ್ಲ. ಹಲ್ಲಿನ ನೋವನ್ನು ಒಯ್ಯುವ ನರವೇ ಬೇರೆ, ನೋಟದ ನರವೇ ಬೇರೆ. ಹಲ್ಲು ಕಿತ್ತದ್ದರಿಂದ ಕಣ್ಣು ಹೋಗುವುದಿಲ್ಲ. ಅಜ್ಜಿಯ ಲವಂಗ ನೋವನ್ನು ತುಸು ಹೊತ್ತು ಮರೆಸೀತು; ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದೂ ಒಳ್ಳೆಯದೇ. ಅರಿಸಿನದ ಪೇಟೆಯೆಂದು ಹೆಸರಾದ ಸಾಂಗಲಿಯಲ್ಲಿ ಅರಿಸಿನ ಹಚ್ಚುವವರೂ ಇದ್ದಾರು. ಆದರೆ ಇವಾವುವೂ ಹಲ್ಲಿನ ಸುತ್ತ, ಒಳಗೆ ಸೇರಿದ ಕೊಳೆಯನ್ನು ತೆಗೆಯಲಾರವು. ನೋವಿನ ಮಾತ್ರೆಯನ್ನು ಒಸಡಿನ ಮೇಲೆಯೇ ಇಟ್ಟುಕೊಳ್ಳುವ ರೂಢಿಯಂತೂ ಕೂಡದು. ಅಲ್ಲಿನ ಚರ್ಮ ಸುಟ್ಟು ಹುಣ್ಣಾಗುತ್ತದೆ.

ಇನ್ನು ತಂದೆಯ ಆತುರ. ಕೊನೆಗೆ ಬರುವ ಈ ಹಲ್ಲಿಗೆ ಅನೇಕರ ದವಡೆಯಲ್ಲಿ ಜಾಗ ಸಾಲದು. ಆಗ ಅದು ವಾಲಿಕೊಂಡು ಮುಂದಿನ ಹಲ್ಲಿಗೆ ಒರಗುತ್ತದೆ, ಇಲ್ಲವೇ ಅರ್ಧ ಹೊರಬಂದು ಅರ್ಧ ಒಸಡಿನಡಿಯಲ್ಲಿಯೇ ಉಳಿಯುತ್ತದೆ. ಆ ಒಸಡಿನ ಮುಚ್ಚಳದ ಕೆಳಗೆ ಅನ್ನದ ಅಗುಳು ಸೇರಿ, ಕೊಳೆತು, ಬಾವು ಬರುತ್ತದೆ. ಹಾಗೆಂದು ಸಿಕ್ಕಿಬಿದ್ದ ಹಲ್ಲೆಲ್ಲವೂ ಕೀಳಬೇಕಾದ ಹಲ್ಲಲ್ಲ. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಗೆ ಸಲಹೆ ನೀಡುವ ನೈಸ್ ಎಂಬ ಸಂಸ್ಥೆಯು, ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆಂದು ಕೀಳುವ ಪದ್ಧತಿಯನ್ನು ನಿಲ್ಲಿಸಬೇಕೆಂದು 2000ದಲ್ಲಿ ಹೇಳಿತು. ಒಸಡು ಒಮ್ಮೆ ಬಾತ ಮಾತ್ರಕ್ಕೆ, ಅದು ತೀರ ಜೋರಾಗಿದ್ದ ಹೊರತು, ಕೀಳುವುದು ಬೇಡ. ಎರಡನೆಯ ಸಲ ಬಂದರೆ ಯೋಚಿಸಬಹುದು ಎಂಬುದು ಅದರ ಸಲಹೆ. ಅಮೆರಿಕದಲ್ಲಿಯಾದರೋ ಹರೆಯದಲ್ಲಿಯೇ ಕೀಳಿಸುವ ರೂಢಿ ಹೆಚ್ಚು. ಬಲ್ಲವರಲ್ಲಿಯೇ ಎರಡು ಅಭಿಪ್ರಾಯಗಳಿರುವಾಗ, ನಾವು ಕಣ್ಣುಮುಚ್ಚಿ ಯಾವುದಾದರೊಂದು ಕಡೆಗೆ ವಾಲುವುದು ಸರಿಯಲ್ಲ.

ಕೀಳಿಸಲೇಬೇಕಾದ ಸಂದರ್ಭಗಳು ಸ್ಪಷ್ಟವಾಗಿವೆ. ಹಲ್ಲು ತುಂಬಿಸಿ ಉಳಿಸಲಾಗದಷ್ಟು ಹುಳುಕಾಗಿದ್ದರೆ, ಬಾವು ಮತ್ತೆ ಮತ್ತೆ ಬರುತ್ತಿದ್ದರೆ, ಕೀವು ತುಂಬಿದ್ದರೆ, ಹಲ್ಲಿನ ಸುತ್ತ ದವಡೆಯೊಳಗೆ ನೀರುಗಂಟು ಬೆಳೆದಿದ್ದರೆ, ಒರಗಿದ ಹಲ್ಲಿನಿಂದ ಮುಂದಿನ ಗಟ್ಟಿ ದವಡೆಹಲ್ಲೂ ಕೆಡುತ್ತಿದ್ದರೆ ತಡಮಾಡಬಾರದು. ನಿರುಪಯೋಗಿ ಹಲ್ಲೊಂದನ್ನು ಉಳಿಸಲು ಹೋಗಿ, ಅನ್ನ ಅಗಿಯುವ ಹಲ್ಲನ್ನು ಕಳೆದುಕೊಳ್ಳುವುದು ನಷ್ಟದ ಬಾಬ್ತು. ಇವಾವುವೂ ಇಲ್ಲವಾದರೆ ಹಲ್ಲನ್ನು ಅದರ ಪಾಡಿಗೆ ಬಿಡಬಹುದು. ಆದರೆ ಬಿಡುವುದೆಂದರೆ ಮರೆಯುವುದಲ್ಲ. ಬ್ರಷ್ಷು ಅಲ್ಲಿಯವರೆಗೂ ತಲಪಬೇಕು. ಆಗಾಗ ದಂತವೈದ್ಯರಿಗೆ ತೋರಿಸುತ್ತಿರಬೇಕು.

ತೂಗಿ ನೋಡಬೇಕಾದ ಇನ್ನೊಂದು ಸಂಗತಿಯಿದೆ. ಕೆಳದವಡೆಯ ಬುದ್ಧಿಹಲ್ಲಿನ ಬೇರಿನ ಹತ್ತಿರದಲ್ಲಿಯೇ ಕೆಳತುಟಿ ಮತ್ತು ಗಲ್ಲಕ್ಕೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುತ್ತದೆ. ನಾಲಗೆಯ ನರವೂ ದೂರವಿಲ್ಲ. ಇವುಗಳಿಗೆ ಪೆಟ್ಟಾದರೆ ತುಟಿ ಅಥವಾ ನಾಲಗೆ ಮರಗಟ್ಟುತ್ತದೆ. ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಅಪರೂಪಕ್ಕೆ ಕೆಲವರಿಗೆ ಉಳಿದೇ ಬಿಡುತ್ತದೆ. ಆದುದರಿಂದ ಕೀಳುವ ಮೊದಲು ಎಕ್ಸ್‌ರೇ ತೆಗೆದು ಬೇರು ಎಲ್ಲಿದೆ, ನರ ಎಲ್ಲಿದೆ ಎಂದು ನೋಡುತ್ತಾರೆ. ನರಕ್ಕೆ ತೀರ ಅಂಟಿಕೊಂಡಿದ್ದರೆ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ಬೇರನ್ನು ಅಲ್ಲಿಯೇ ಬಿಡುವ ದಾರಿಯೂ ಕೆಲವರಿಗೆ ಒದಗುತ್ತದೆ. ಬೇರು ಪೂರ್ತಿ ಬೆಳೆಯದ, ಎಲುಬು ಅಷ್ಟು ಗಟ್ಟಿಯಾಗದ ಎಳೆಪ್ರಾಯದಲ್ಲಿ ಕೆಲಸ ಸುಲಭ. ಕಾರಣವಿದ್ದೂ ಮುಂದೂಡುವುದರಿಂದ ಲಾಭವಿಲ್ಲ.

ಬಾಯಿ ಸರಿಯಾಗಿ ತೆರೆಯುತ್ತಿಲ್ಲವೆಂದರೆ ಅದು ಬುದ್ಧಿಹಲ್ಲಿನದೇ ಕಾಟವೆಂದು ತಿಳಿಯಬಾರದು. ಅಡಿಕೆ, ಗುಟ್ಕಾ ಅಗಿಯುವವರಿಗೆ ಕೆನ್ನೆಯ ಒಳಭಾಗ ಬಿಗಿದು ಬಾಯಿ ಮೆಲ್ಲಮೆಲ್ಲನೆ ಮುಚ್ಚಿಕೊಳ್ಳುವ ರೋಗವಿದೆ; ಅದು ಮುಂದೆ ಕ್ಯಾನ್ಸರಿಗೂ ತಿರುಗೀತು. ಅಡಿಕೆ ಬೆಳೆದು ಬದುಕುವ ನಾಡಿನ ನಾವು ಇದನ್ನು ಮರೆಯಬಾರದು. ದಂತವೈದ್ಯರೊಡನೆ ಈ ಚಟವನ್ನು ಮುಚ್ಚಿಡಲೂಬಾರದು.

ಭಾಷೆಯ ಪ್ರಶ್ನೆ ಬರುವುದು ಇಲ್ಲಿಯೇ. 1894ರಲ್ಲಿ ಡಾ. ವಾನ್‌ಲೆಸ್ ಆಸ್ಪತ್ರೆ ತೆರೆದ ಕಾಲದಿಂದ ಮೀರಜ ಆಸ್ಪತ್ರೆಗಳ ಊರೆಂದು ಹೆಸರುವಾಸಿ. ಸಾಂಗಲಿಯಲ್ಲಿ ದಂತ ಕಾಲೇಜಿನ ಆಸ್ಪತ್ರೆಯೂ ಇದೆ. ನಮಗೆ ಪೊಯಿನಾಚಿ ಇದೆ, ಮಂಗಳೂರು ಇದೆ. ಚಿಕಿತ್ಸೆ ದೂರವಿಲ್ಲ, ದೂರವಿರುವುದು ಮಾತು. ಸಮಡೋಳಿಯವರ ಮುಂದೆ ಮರಾಠಿಯ ಒಪ್ಪಿಗೆ ಪತ್ರ ಬಂದೀತು, ನಮ್ಮವರ ಮುಂದೆ ಮಲಯಾಳದ್ದೋ ಇಂಗ್ಲಿಷಿನದೋ ಬಂದೀತು. ಓದಲಾಗದ ಕಾಗದಕ್ಕೆ ನಾಚಿಕೆಯಿಂದ ಸಹಿ ಹಾಕುವುದು ನಮ್ಮಲ್ಲಿ ಅನೇಕರ ಸ್ವಭಾವ. ಇದು ಸಲ್ಲದು. ಚಿಕಿತ್ಸೆಯ ಸ್ವರೂಪ, ಲಾಭ, ಅಪಾಯ, ಬೇರೆ ದಾರಿಗಳು, ಒಲ್ಲೆನೆಂದರೆ ಏನಾದೀತೆಂಬುದು, ಇಷ್ಟನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಸಮೀರಾ ಕೋಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲಿ ತೀರ್ಪಿತ್ತಿದೆ. ಅರ್ಥವಾಗದ ಭಾಷೆಯಲ್ಲಿ ಹೇಳಿದ್ದು ತಿಳಿಸಿದಂತಾಗುವುದೇ? ಕನ್ನಡ ಬಲ್ಲವರೊಬ್ಬರನ್ನು ಕರೆಯಿರೆಂದು ವಿನಯದಿಂದಲೇ ಕೇಳಿರಿ. ಇಲ್ಲವಾದರೆ ಎರಡೂ ಭಾಷೆ ತಿಳಿದವರನ್ನು ಜತೆಗೆ ಕರೆದೊಯ್ಯಿರಿ.

ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಈ ಹಲ್ಲಿಗೆ ಈಗ ಇರುವ ರೋಗ ಯಾವುದು? ಕೀಳಿಸದೆ ಇದ್ದರೆ ಏನಾದೀತು? ನರ ಎಷ್ಟು ಹತ್ತಿರವಿದೆ? ಒಂದನ್ನು ಕಿತ್ತರೆ ಸಾಕೇ, ನಾಲ್ಕನ್ನೂ ಏಕೆ? ಅಂತೆಯೇ ನಾವು ಹೇಳಬೇಕಾದ್ದೂ ಇದೆ. ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೈಗೆ ಒಗ್ಗದ ಔಷಧಿ, ಬಸುರಿಯಾಗಿದ್ದರೆ ಅದು, ಇವನ್ನು ಕೇಳುವ ಮೊದಲೇ ತಿಳಿಸಬೇಕು.

ಕಿತ್ತ ಮೇಲೆ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಮೊದಲ ದಿನ ಜೋರಾಗಿ ಮುಕ್ಕಳಿಸುವುದು, ಮತ್ತೆ ಮತ್ತೆ ಉಗುಳುವುದು, ಕೊಳವೆಯಲ್ಲಿ ಹೀರಿ ಕುಡಿಯುವುದು ಬೇಡ. ಬೀಡಿ, ಎಲೆಯಡಿಕೆಗಳನ್ನಂತೂ ಗಾಯ ಮಾಯುವವರೆಗೆ ಮುಟ್ಟಬಾರದು. ಆ ಹೆಪ್ಪು ಕಳಚಿದರೆ ಎಲುಬು ಬರಿದಾಗಿ, ಎರಡು ಮೂರು ದಿನಗಳಲ್ಲಿ ಕಿವಿಯವರೆಗೂ ಎಳೆಯುವ ನೋವು ಶುರುವಾಗುತ್ತದೆ. ಆಗ ಮತ್ತೆ ವೈದ್ಯರಲ್ಲಿಗೆ ಹೋಗಲೇಬೇಕು.

ಕೊನೆಯದಾಗಿ ಒಂದು ಮಾತು. ಬಾವು ದವಡೆಯಿಂದ ಕತ್ತಿಗೆ ಇಳಿದರೆ, ಜ್ವರ ಏರಿದರೆ, ಬಾಯಿ ತೆರೆಯದಾದರೆ, ಎಂಜಲು ನುಂಗುವುದೂ ಉಸಿರಾಡುವುದೂ ಕಷ್ಟವಾದರೆ ಅದು ಪ್ರಾಣಕ್ಕೇ ಸಂಚಕಾರ. ಆ ಹೊತ್ತಿನಲ್ಲಿ ಲವಂಗವೂ ಬೇಡ, ಚರ್ಚೆಯೂ ಬೇಡ. ನಡುರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಉಳಿದ ದಿನಗಳಲ್ಲಿ ಮಾತ್ರ ಕುಳಿತು, ಕೇಳಿ, ತಿಳಿದು ನಿರ್ಧರಿಸಲು ನಮಗೆ ಧಾರಾಳ ಸಮಯವಿದೆ.