ವೈಶಾಖಿ: ಒಂದೇ ಬಟ್ಟಲು, ಒಂದೇ ಪಂಕ್ತಿ

ನಮ್ಮಲ್ಲಿ ಸಂಕ್ರಾಂತಿಗೆ ಹೊಸ ಬೆಳೆಯ ರಾಶಿಯನ್ನು ಪೂಜಿಸುವಂತೆ, ಪಂಜಾಬಿನಲ್ಲಿ ಗೋಧಿಯ ಸುಗ್ಗಿಗೆ ವೈಶಾಖಿಯನ್ನು ಆಚರಿಸುವರು. ಚಳಿಗಾಲದ ಮೊದಲಲ್ಲಿ ಬಿತ್ತಿದ ಪೈರು ಏಪ್ರಿಲ್ 13 ಅಥವಾ 14ರ ವೇಳೆಗೆ ಹೊಂಬಣ್ಣಕ್ಕೆ ತಿರುಗಿ ಕುಡುಗೋಲಿಗೆ ಕಾದಿರುತ್ತದೆ. ರೈತನ ಈ ಸಂತೋಷ ಬಹಳ ಹಳೆಯದು. ಸಿಖ್ಖರಾದರೋ ಅದಕ್ಕೆ ಇನ್ನೊಂದು ಅರ್ಥವನ್ನು ಕೂಡಿಸಿಕೊಂಡಿದ್ದಾರೆ.

1699ರ ವೈಶಾಖಿಯಂದು ಹತ್ತನೆಯ ಗುರುಗಳಾದ ಗುರು ಗೋವಿಂದಸಿಂಗರು ಆನಂದಪುರದಲ್ಲಿ ನೆರೆದ ಜನಸ್ತೋಮದ ಮುಂದೆ ಕತ್ತಿ ಹಿರಿದು, ತಲೆ ಕೊಡಬಲ್ಲವರು ಯಾರಿದ್ದೀರಿ ಎಂದು ಕೇಳಿದರಂತೆ. ಒಬ್ಬರ ಹಿಂದೊಬ್ಬರಂತೆ ಐವರು ಎದ್ದು ಬಂದರು. ಲಾಹೋರಿನ ಖತ್ರಿ, ಹಸ್ತಿನಾಪುರದ ಜಾಟ, ಪುರಿಯ ನೀರು ಹೊರುವವ, ದ್ವಾರಕೆಯ ಬಟ್ಟೆಗೆ ಅಚ್ಚೊತ್ತುವವ. ಐದನೆಯವನು ನಮ್ಮ ಬೀದರಿನ ಕ್ಷೌರಿಕ ಸಾಹಿಬಚಂದ ಎಂದು ಸಿಖ್ ಸಂಪ್ರದಾಯವು ಹೇಳುತ್ತದೆ. ಕಬ್ಬಿಣದ ಬಟ್ಟಲಿನ ನೀರಿಗೆ ಬತ್ತಾಸು ಬೆರೆಸಿ, ಇಬ್ಬಾಯಿಯ ಕತ್ತಿಯಿಂದ ಕದಡಿದ ಅಮೃತವನ್ನು ಐವರೂ ಒಂದೇ ಬಟ್ಟಲಿನಿಂದ ಕುಡಿದರು. ಬಳಿಕ ಗುರುಗಳೇ ಆ ಐವರ ಮುಂದೆ ನಿಂತು ತಮಗೂ ದೀಕ್ಷೆ ಕೊಡಬೇಕೆಂದು ಬೇಡಿದರು. ಖಾಲ್ಸಾ ಹುಟ್ಟಿದ್ದು ಹೀಗೆ. ಗಂಡಸರಿಗೆಲ್ಲ ಸಿಂಗ್, ಹೆಂಗಸರಿಗೆಲ್ಲ ಕೌರ್ ಎಂಬ ಹೆಸರಿಟ್ಟುದು ಹೆಸರಿನಿಂದ ಕುಲವನ್ನು ಅಳೆಯುವ ಪದ್ಧತಿಗೆ ಕೊಟ್ಟ ಉತ್ತರವೇ ಸರಿ.

ಹಬ್ಬದ ದಿನ ಮುಂಜಾನೆಯೇ ಮಿಂದು ಗುರುದ್ವಾರಕ್ಕೆ ಹೋಗುವರು. ಗ್ರಂಥಸಾಹಿಬದ ಅಖಂಡ ಪಾರಾಯಣ, ಕೀರ್ತನೆ ನಡೆಯುವುವು. ನಿಶಾನ್ ಸಾಹಿಬ್ ಎಂಬ ಧ್ವಜಸ್ತಂಭಕ್ಕೆ ಹೊಸ ವಸ್ತ್ರವನ್ನು ತೊಡಿಸುವರು. ಮೊದಲ ಐವರ ನೆನಪಿಗೆ ಐದು ಮಂದಿ ಮುಂದಾಗಿ ಮೆರವಣಿಗೆ ಹೊರಡುವುದು. ಹಲವರು ಆ ದಿನವೇ ದೀಕ್ಷೆ ಪಡೆಯುವರು. ಹಳ್ಳಿಗಳಲ್ಲಿ ಢೋಲಿನ ಬಡಿತಕ್ಕೆ ಭಾಂಗ್ರಾ ಕುಣಿತ. ಇನ್ನು ಲಂಗರ್: ಬಂದವರು ಯಾರೇ ಆಗಲಿ, ನೆಲದ ಮೇಲೆ ಒಂದೇ ಪಂಕ್ತಿ, ರೊಟ್ಟಿ, ಬೇಳೆ ಎಲ್ಲರಿಗೂ ಒಂದೇ.

ಹಬ್ಬದ ತಿರುಳು ಇಲ್ಲಿದೆ ಎಂದು ನನಗೆ ತೋರುತ್ತದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬಿತ್ತಿ, ಕೊಯ್ದು, ರಾಶಿ ಮಾಡಿದ ಕೈಗಳಿಗೆ ಉಣ್ಣುವ ಪಂಕ್ತಿ ಮಾತ್ರ ಬೇರೆಯಾಗಿರುವುದನ್ನು ಊರಲ್ಲಿ ನೋಡುತ್ತಲೇ ಬೆಳೆದೆ. ಸಿಖ್ಖರಲ್ಲಿಯೂ ಜಾತಿಭೇದವು ಪೂರ್ತಿ ಅಳಿದಿಲ್ಲವೆಂಬುದು ನಿಜ. ಆದರೂ ವರ್ಷಕ್ಕೊಮ್ಮೆ ಆ ಬಟ್ಟಲನ್ನು ನೆನೆಯುವ ಜನಕ್ಕೆ ತಮ್ಮ ಕೊರತೆಯನ್ನು ಅಳೆಯಲು ಒಂದು ಅಳತೆಗೋಲಾದರೂ ಇದೆ. ಬೀದರಿನ ಕ್ಷೌರಿಕನೊಬ್ಬನು ಆನಂದಪುರದಲ್ಲಿ ಗುರುವಿಗೇ ದೀಕ್ಷೆ ಕೊಟ್ಟವರಲ್ಲಿ ಒಬ್ಬನಾದನು. ಅವನು ಹುಟ್ಟಿದ ಈ ನಾಡಿನ ಸುಗ್ಗಿಯಲ್ಲಿಯೂ, ಕೂಡಿ ದುಡಿದವರು ಕೂಡಿ ಉಣ್ಣುವ ದಿನ ಬರಬೇಡವೇ?